ಕಾವ್ಯ ಬಳಗದಲ್ಲಿ ಭಿನ್ನಾಭಿಪ್ರಾಯ: ಮಾತು ಕವಿತೆಯ ಮೇಲೆಯೇ ನಿಲ್ಲುವಂತೆ ನೋಡಿಕೊಳ್ಳುವುದು ಹೇಗೆ?

ಬೆಂಗಳೂರಿನಲ್ಲಿ ಕನ್ನಡ ಕವಿತೆ ಬರೆಯುವವರು ಈಗ ಒಬ್ಬರನ್ನೊಬ್ಬರು ಹೆಚ್ಚಾಗಿ ಕಾಣುವುದು ಫೋನಿನ ಪರದೆಯ ಮೇಲೆ. ಕೆಂಗೇರಿಯಲ್ಲಿ ಮೆಟ್ರೊ ಹತ್ತಿದವರೊಬ್ಬರು ದಾರಿಯಲ್ಲೇ ನಾಲ್ಕು ಸಾಲು ಬರೆದು ವಾಟ್ಸಾಪ್ ಬಳಗಕ್ಕೆ ಹಾಕುತ್ತಾರೆ. ಅವರು ಕಚೇರಿ ಸೇರುವಷ್ಟರಲ್ಲಿ ಹನ್ನೆರಡು ಚಪ್ಪಾಳೆ, ಎಂಟು ‘ಸೂಪರ್ ಸರ್’, ಒಂದು ಚುಚ್ಚುಮಾತು ಬಂದಿರುತ್ತವೆ. ಮಧ್ಯಾಹ್ನದ ಹೊತ್ತಿಗೆ ಆ ಒಂದು ಚುಚ್ಚುಮಾತಿನ ಸುತ್ತ ಎಂಬತ್ತು ಸಂದೇಶಗಳು ಸೇರಿ, ಕವಿತೆ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.

ಇಂಥ ಬಳಗಗಳನ್ನು ನಡೆಸುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ‘ಟೀಕೆಗೆ ಅವಕಾಶ ಕೊಟ್ಟರೆ ಜಗಳವಾಗುತ್ತದೆ, ಕೊಡದಿದ್ದರೆ ಬರೀ ಹೊಗಳಿಕೆಯಾಗುತ್ತದೆ, ಏನು ಮಾಡಬೇಕು?’ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು, ಹಲವು ವರ್ಷ ಬಳಗವೊಂದರ ನಿರ್ವಹಣೆಯಲ್ಲಿ ಕೈ ಸುಟ್ಟುಕೊಂಡು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಭಿನ್ನಾಭಿಪ್ರಾಯವನ್ನು ಇಲ್ಲವಾಗಿಸುವ ಉಪಾಯಗಳನ್ನು ಇದರಲ್ಲಿ ಹುಡುಕಬೇಡಿ. ‘ಈ ಸಾಲು’ ಎಂದು ಆರಂಭವಾದ ಮಾತು ‘ನೀವು’ ಎಂದು ತಿರುಗುವ ಗಳಿಗೆಯಲ್ಲಿ ಜಗಳ ಹುಟ್ಟುತ್ತದೆ ಎಂಬುದು ನನ್ನ ಅನುಭವ. ಮುಂದಿನ ಹಂತಗಳೆಲ್ಲವೂ ಆ ತಿರುವನ್ನು ತಡೆಯುವುದಕ್ಕಾಗಿ ಇವೆ.

ಮೊದಲು ಸಿದ್ಧವಿರಬೇಕಾದವು

ಕನಿಷ್ಠ ಮೂವರು ನಿರ್ವಾಹಕರು ಬೇಕು. ನಿರ್ವಾಹಕರು ಎಂದರೆ ಗುಂಪಿಗೆ ಸದಸ್ಯರನ್ನು ಸೇರಿಸುವ, ತೆಗೆಯುವ, ಸಂದೇಶಗಳನ್ನು ಅಳಿಸುವ ಅಧಿಕಾರವಿರುವ ಅಡ್ಮಿನ್‌ಗಳು. ಒಬ್ಬರೇ ಇದ್ದರೆ ಅವರ ತೀರ್ಮಾನವೆಲ್ಲ ಸ್ವಂತ ದ್ವೇಷದಂತೆ ಕಾಣುತ್ತದೆ. ಇಬ್ಬರಿದ್ದು ಅವರಲ್ಲೇ ಒಮ್ಮತವಾಗದಿದ್ದರೆ ದಾರಿ ಮುಚ್ಚುತ್ತದೆ. ಮೂವರಲ್ಲಿ ಒಬ್ಬರಾದರೂ ಮಹಿಳೆಯಾಗಿರಲಿ, ಒಬ್ಬರಾದರೂ ಉಳಿದಿಬ್ಬರ ಸ್ನೇಹವಲಯದ ಹೊರಗಿನವರಾಗಿರಲಿ.

ಒಂದು ಪುಟ ಮೀರದ ನಿಯಮಗಳ ಬರಹ, ನಿರ್ವಾಹಕರು ಮಾತ್ರ ಇರುವ ಪುಟ್ಟ ಗುಂಪು, ಕವಿತೆಗೆ ಸಂಬಂಧಿಸದ ಹರಟೆಗೆ ಇನ್ನೊಂದು ಗುಂಪು, ಇವಿಷ್ಟೂ ಬೇಕು. ಹಬ್ಬದ ಶುಭಾಶಯ, ಪುಸ್ತಕ ಬಿಡುಗಡೆಯ ಆಹ್ವಾನ, ಚುನಾವಣೆಯ ಮಾತುಗಳ ನಡುವೆ ಕವಿತೆ ಬಂದರೆ ಅದನ್ನು ಯಾರೂ ನಿಧಾನವಾಗಿ ಓದುವುದಿಲ್ಲ, ನಿಧಾನವಾಗಿ ಓದದವರ ಟೀಕೆ ಒರಟಾಗಿಯೇ ಇರುತ್ತದೆ. ವಾಟ್ಸಾಪ್ ಒಂದು ಗುಂಪಿನಲ್ಲಿ 1024 ಜನರಿಗೆ ಅವಕಾಶ ಕೊಡುತ್ತದೆಯೆಂದು ಅಷ್ಟೂ ಜನರನ್ನು ಸೇರಿಸಲು ಹೋಗಬೇಡಿ. ಕವಿತೆಯನ್ನು ತಿದ್ದುವ ಬಳಗಕ್ಕೆ ಮೂವತ್ತು, ನಲವತ್ತು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಬರೆದವರು ಯಾರು, ಅವರ ಹಿಂದಿನ ಕವಿತೆ ಯಾವುದು ಎಂಬುದೇ ನೆನಪಿರುವುದಿಲ್ಲ. ಪರಿಚಯವಿಲ್ಲದವರನ್ನು ನೋಯಿಸುವುದು ಸುಲಭ.

ಹಂತ 1: ಬಳಗ ಏತಕ್ಕಾಗಿ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಕವಿತೆ ಹಂಚಿಕೊಂಡು ಸಂತೋಷಪಡುವ ಬಳಗ ಬೇರೆ, ಕವಿತೆಯನ್ನು ತಿದ್ದಿಕೊಳ್ಳುವ ಬಳಗ ಬೇರೆ. ಎರಡೂ ಒಳ್ಳೆಯವೇ. ಆದರೆ ಮೊದಲನೆಯದೆಂದು ತಿಳಿದು ಬಂದವರಿಗೆ ಎರಡನೆಯದರ ಅನುಭವವಾದರೆ ಅವರು ಅವಮಾನವಾಯಿತೆಂದೇ ತಿಳಿಯುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಗುಂಪಿನ ವಿವರಣೆಯ ಜಾಗದಲ್ಲಿ ‘ಇದು ಸದಸ್ಯರು ತಮ್ಮ ಕವಿತೆಗಳ ಕರಡನ್ನು ಹಾಕಿ, ಓದುಗರ ಅಭಿಪ್ರಾಯ ಪಡೆದು ತಿದ್ದಿಕೊಳ್ಳುವ ಬಳಗ’ ಎಂಬಂಥ ಒಂದು ವಾಕ್ಯವಿರಲಿ. ಹೊಸಬರು ಸೇರುವ ಮೊದಲೇ ಅದನ್ನು ಅವರಿಗೆ ಕಳುಹಿಸಿ, ‘ಒಪ್ಪಿಗೆಯಿದೆ’ ಎಂಬ ಉತ್ತರ ಬಂದ ಮೇಲೆಯೇ ಸೇರಿಸಿಕೊಳ್ಳಿ.

ಹಂತ 2: ಕವಿ ಏನನ್ನು ಬಯಸುತ್ತಿದ್ದಾರೆಂದು ಕವಿತೆಯ ತಲೆಯ ಮೇಲೆಯೇ ಇರಲಿ

ಇದು ತೀರ ಸರಳವಾದ ಕ್ರಮ, ಆದರೂ ನಮ್ಮ ಬಳಗದಲ್ಲಿ ಅತಿ ಹೆಚ್ಚು ಜಗಳಗಳನ್ನು ತಡೆದದ್ದು ಇದೇ. ಪ್ರತಿ ಕವಿತೆಯ ಮೇಲೆ ಮೂರರಲ್ಲಿ ಒಂದು ಪದ ಬರೆಯುವುದು ಕಡ್ಡಾಯ.

‘ಓದಿಗೆ’ ಎಂದಿದ್ದರೆ ಕವಿ ಟೀಕೆ ಬಯಸಿಲ್ಲ. ಇಷ್ಟವಾದರೆ ಹೇಳಿ, ಇಲ್ಲದಿದ್ದರೆ ಸುಮ್ಮನಿರಿ. ಸಾವಿನ ದುಃಖದಲ್ಲಿ ಬರೆದದ್ದು, ಮಗುವಿನ ಹುಟ್ಟುಹಬ್ಬಕ್ಕೆ ಬರೆದದ್ದು ಈ ವರ್ಗಕ್ಕೆ ಸೇರುತ್ತವೆ. ತಂದೆಯನ್ನು ಕಳೆದುಕೊಂಡ ವಾರದಲ್ಲಿ ಬರೆದ ಕವಿತೆಗೆ ‘ಎರಡನೆಯ ಚರಣ ಸಡಿಲವಾಗಿದೆ’ ಎಂದು ಹೇಳುವುದು ನಿಜವಿದ್ದರೂ ಆ ಹೊತ್ತಿನ ಮಾತಲ್ಲ.

‘ಅಭಿಪ್ರಾಯಕ್ಕೆ’ ಎಂದಿದ್ದರೆ ಓದುಗರಿಗೆ ಏನನ್ನಿಸಿತು ಎಂಬುದನ್ನು ಹೇಳಬಹುದು, ಆದರೆ ಸಾಲುಗಳನ್ನು ತಿದ್ದಿ ಬರೆಯಬಾರದು. ‘ತಿದ್ದುಪಡಿಗೆ’ ಎಂದಿದ್ದರೆ ಪದ, ಲಯ, ಸಾಲಿನ ಮುರಿತ ಎಲ್ಲವನ್ನೂ ಚರ್ಚಿಸಬಹುದು, ಬದಲಿ ಪದ ಸೂಚಿಸಬಹುದು.

ಪದ ಬರೆಯದೆ ಹಾಕಿದ ಕವಿತೆಯನ್ನು ‘ಓದಿಗೆ’ ಎಂದೇ ಭಾವಿಸಬೇಕೆಂಬ ನಿಯಮವಿರಲಿ. ಇಲ್ಲಿ ಎಚ್ಚರಿಕೆಯಿಂದ ನೋಡಬೇಕಾದ ಒಂದು ಸಂಗತಿಯಿದೆ: ‘ತಿದ್ದುಪಡಿಗೆ’ ಎಂದು ಬರೆದು, ತಿದ್ದಿದ ಕೂಡಲೇ ಮುನಿಸಿಕೊಳ್ಳುವವರು ಇರುತ್ತಾರೆ. ಅವರ ಮೇಲೆ ಕೋಪ ಬೇಡ. ಮುಂದಿನ ಎರಡು ಮೂರು ಕವಿತೆಗಳನ್ನು ‘ಅಭಿಪ್ರಾಯಕ್ಕೆ’ ಎಂದು ಹಾಕಿ ನೋಡಿ ಎಂದು ನಿರ್ವಾಹಕರು ಖಾಸಗಿಯಾಗಿ ಸೂಚಿಸಿದರೆ ಸಾಕು.

ಹಂತ 3: ಟೀಕೆ ಬರೆಯುವ ಕ್ರಮವನ್ನು ಕಲಿಸಿ

ನಿಯಮಗಳ ಪಟ್ಟಿಯಲ್ಲಿ ‘ಸಭ್ಯವಾಗಿ ಬರೆಯಿರಿ’ ಎಂದು ಹಾಕಿ ಸುಮ್ಮನಾಗುವವರೇ ಹೆಚ್ಚು. ಸಭ್ಯತೆ ಎಂದರೇನೆಂದು ತಿಳಿಯದವರಿಗೆ ಆ ವಾಕ್ಯದಿಂದ ಉಪಯೋಗವಿಲ್ಲ, ತಿಳಿದವರಿಗೆ ಅದರ ಅಗತ್ಯವಿಲ್ಲ. ಆದ್ದರಿಂದ ಒಂದು ಉದಾಹರಣೆಯನ್ನೇ ಮುಂದಿಟ್ಟುಕೊಂಡು ನೋಡೋಣ. ಬಳಗದಲ್ಲಿ ‘ತಿದ್ದುಪಡಿಗೆ’ ಎಂಬ ಪದದೊಡನೆ ಈ ಸಾಲುಗಳು ಬಂದಿವೆ ಎಂದಿಟ್ಟುಕೊಳ್ಳಿ:

ಮಳೆ ನಿಂತಿದೆ.
ಮೋರಿಯ ಉದ್ದಕ್ಕೂ
ಜಕರಂಡದ ನೀಲಿ ಹರಿಯುತ್ತಿದೆ,
ಅಮ್ಮನ ಹಳೆಯ ಸೀರೆಯ ಹಾಗೆ.

ಇದಕ್ಕೆ ಬಂದ ಮೊದಲ ಪ್ರತಿಕ್ರಿಯೆ ಹೀಗಿದೆ: ‘ಮಳೆ, ಅಮ್ಮ, ಸೀರೆ ಎಂದು ಬರೆದ ಮಾತ್ರಕ್ಕೆ ಕವಿತೆಯಾಗುವುದಿಲ್ಲ. ನೀವು ಮೊದಲು ನಾಲ್ಕು ಒಳ್ಳೆಯ ಪುಸ್ತಕ ಓದಿಕೊಂಡು ಬನ್ನಿ.’

ಇದರಲ್ಲಿ ಬೈಗುಳದ ಒಂದು ಪದವೂ ಇಲ್ಲ, ಆದ್ದರಿಂದ ಬರೆದವರು ‘ನಾನು ಅಸಭ್ಯವಾಗಿ ಏನು ಹೇಳಿದೆ?’ ಎಂದು ವಾದಿಸಬಹುದು. ಆದರೆ ಈ ಪ್ರತಿಕ್ರಿಯೆಯನ್ನು ಇಟ್ಟುಕೊಂಡು ಕವಿ ಮಾಡಬಹುದಾದ ಕೆಲಸವೇನು? ಏನೂ ಇಲ್ಲ. ಯಾವ ಸಾಲು ಸೋತಿತೆಂದು ಅದರಲ್ಲಿ ಹೇಳಿಲ್ಲ. ಬರೆದವರ ಓದು ಕಡಿಮೆಯೆಂದು ಹೇಳಿದೆ. ಕವಿಗೆ ಉಳಿಯುವ ದಾರಿ ತಮ್ಮ ಓದನ್ನು ಸಮರ್ಥಿಸಿಕೊಳ್ಳುವುದೊಂದೇ, ಅಲ್ಲಿಗೆ ಜಗಳ ಆರಂಭವಾಯಿತು.

ಈಗ ಇದೇ ಅಸಮಾಧಾನವನ್ನು ಬೇರೆಯವರೊಬ್ಬರು ಬರೆದ ಬಗೆ ನೋಡಿ: ‘ಮೂರನೆಯ ಸಾಲಿನಲ್ಲಿ ಹೂವೆಂದು ಹೇಳದೆ ನೀಲಿ ಎಂದಷ್ಟೇ ಹೇಳಿದ್ದರಿಂದ ನೀರು, ಹೂವು ಎರಡೂ ಒಟ್ಟಿಗೆ ಕಂಡವು. ಆದರೆ ಕೊನೆಯ ಸಾಲಿನ “ಹಾಗೆ” ಬಂದ ಕೂಡಲೇ ಹರಿಯುತ್ತಿದ್ದ ಚಿತ್ರ ನಿಂತುಹೋಯಿತು. ಮೋರಿಯ ನೀರಿಗೆ ಅಮ್ಮನ ಸೀರೆಯನ್ನು ಹೋಲಿಸಿದಾಗ ಆಗುವ ಕಸಿವಿಸಿ ಬೇಕೆಂದೇ ತಂದದ್ದೋ, ಬಣ್ಣಕ್ಕಾಗಿ ಮಾತ್ರ ಬಂದ ಹೋಲಿಕೆಯೋ ತಿಳಿಯಲಿಲ್ಲ. ಕೊನೆಯ ಸಾಲನ್ನು ಬಿಟ್ಟು ಓದಿದೆ, ನನಗೆ ಹಾಗೆಯೇ ಹೆಚ್ಚು ಹಿಡಿಸಿತು.’

ಇದು ಮೊದಲಿನ ಪ್ರತಿಕ್ರಿಯೆಗಿಂತ ಕಠಿಣವಾದ ಟೀಕೆ, ಏಕೆಂದರೆ ಕವಿತೆಯ ಕೊನೆಯ ಸಾಲೇ ಬೇಡವೆನ್ನುತ್ತದೆ. ಆದರೂ ಯಾರೂ ಇದರಿಂದ ಮುನಿದು ಹೋಗುವುದಿಲ್ಲ. ಇದರ ಹಿಂದಿರುವ ಕ್ರಮವನ್ನು ಹೊಸಬರಿಗೆ ಬಿಡಿಸಿ ಹೇಳಬೇಕು: ಮೊದಲು ಯಾವ ಸಾಲು, ಯಾವ ಪದ ಎಂದು ಬೆರಳಿಟ್ಟು ತೋರಿಸಬೇಕು, ಆಮೇಲೆ ಅದನ್ನು ಓದುವಾಗ ತನಗೆ ಏನಾಯಿತೆಂದು ಹೇಳಬೇಕು, ಸಂದೇಹವಿದ್ದರೆ ಅದನ್ನು ಪ್ರಶ್ನೆಯಾಗಿಯೇ ಉಳಿಸಬೇಕು, ಸೂಚನೆಯಿದ್ದರೆ ಕೊನೆಯಲ್ಲಿ, ‘ನನಗೆ’ ಎಂಬ ಪದದೊಡನೆ ಬರಬೇಕು. ಸಾಲನ್ನು ತೋರಿಸಲು ಸಾಧ್ಯವಾಗದ ಟೀಕೆಯನ್ನು ಹಾಕಬಾರದು ಎಂಬುದನ್ನು ನಾವು ನಿಯಮವನ್ನಾಗಿಯೇ ಮಾಡಿದೆವು, ಹೊಗಳಿಕೆಗೂ ಅದನ್ನೇ ಅನ್ವಯಿಸಿದೆವು. ‘ಅದ್ಭುತ’ ಎಂದು ಬರೆಯುವವರು ಯಾವ ಸಾಲು ಅದ್ಭುತವೆಂದು ತೋರಿಸಬೇಕು. ಹೊಗಳುವುದಕ್ಕೂ ಓದಬೇಕಾಗುತ್ತದೆ ಎಂದಾದಾಗ ಟೀಕಿಸುವವರ ಮೇಲಿನ ಸಂಶಯ ತಾನಾಗಿಯೇ ಕಡಿಮೆಯಾಯಿತು.

ಅದೇ ಕವಿತೆಗೆ ಮೂರನೆಯವರು ಬಂದು ‘ನನಗೆ ಆ ಕಸಿವಿಸಿಯೇ ಕವಿತೆ, ಕೊನೆಯ ಸಾಲು ಹೋದರೆ ಉಳಿಯುವುದು ಬರೀ ನೋಟ’ ಎಂದು ಬರೆದರು ಎನ್ನಿ. ಭಿನ್ನಾಭಿಪ್ರಾಯವೆಂದರೆ ಇದು. ಇಬ್ಬರು ಓದುಗರು ಒಂದೇ ಸಾಲಿನ ಮೇಲೆ ಎದುರುಬದುರು ನಿಂತಿದ್ದಾರೆ, ಕವಿಗೆ ಎರಡು ದಾರಿ ಕಾಣುತ್ತಿವೆ. ಇಲ್ಲಿ ನಿರ್ವಾಹಕರು ‘ಇರಲಿ ಬಿಡಿ, ಇಬ್ಬರದೂ ಸರಿ’ ಎಂದು ಮಾತು ಮುಗಿಸಲು ಹೋಗಬಾರದು. ಅದು ಚರ್ಚೆಯನ್ನು ಕೊಲ್ಲುವ ಸೌಜನ್ಯ.

ಟೀಕೆಯನ್ನು ಕವಿತೆಯ ಮೇಲಿಡುವ ಈ ಕ್ರಮ ಹೊರಗಿನಿಂದ ತರಬೇಕಾದದ್ದೇನಲ್ಲ. ನಮಗೆ ದೊರೆತಿರುವ ಕನ್ನಡದ ಅತ್ಯಂತ ಹಳೆಯ ಗ್ರಂಥವಾದ, 9ನೆಯ ಶತಮಾನದ ಕವಿರಾಜಮಾರ್ಗದ ಮೊದಲ ಪರಿಚ್ಛೇದವೇ ಕಾವ್ಯದ ದೋಷ ಯಾವುದು, ದೋಷವಲ್ಲದ್ದು ಯಾವುದು ಎಂಬ ವಿವೇಚನೆಗೆ ಮೀಸಲಾಗಿದೆ. ತಪ್ಪಾದ ಪ್ರಯೋಗವನ್ನು ಕಣ್ಣೆದುರಿಟ್ಟು, ಅದು ಏಕೆ ತಪ್ಪು, ಹೇಗಿದ್ದರೆ ಸರಿ ಎಂದು ತೋರಿಸುವ ಕ್ರಮ ಅದರಲ್ಲಿದೆ. ‘ಕನ್ನಡದವರಿಗೆ ವಿಮರ್ಶೆ ಸಹಿಸುವ ಗುಣವಿಲ್ಲ’ ಎಂದು ಬೇಸರದಿಂದ ಹೇಳುವವರಿಗೆ ನಾನು ಇದನ್ನು ನೆನಪಿಸುತ್ತೇನೆ.

ಹಂತ 4: ಪದೇ ಪದೇ ಬರುವ ವಿವಾದಗಳಿಗೆ ಮೊದಲೇ ಉತ್ತರ ಸಿದ್ಧಪಡಿಸಿ

ಕನ್ನಡ ಕಾವ್ಯ ಬಳಗಗಳಲ್ಲಿ ಜಗಳಗಳು ಲೆಕ್ಕವಿಲ್ಲದಷ್ಟು ಕಂಡರೂ ಅವುಗಳ ವಿಷಯ ನಾಲ್ಕೈದೇ.

ಛಂದಸ್ಸು. ಇದನ್ನು ಬಗೆಹರಿಸುವುದು ಸುಲಭ, ಏಕೆಂದರೆ ಎಣಿಸಬಹುದು. ಮಾತ್ರೆ ಎಂದರೆ ಒಂದು ಹ್ರಸ್ವಾಕ್ಷರವನ್ನು ಉಚ್ಚರಿಸಲು ಬೇಕಾಗುವ ಕಾಲ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾಮಿನಿ ಷಟ್ಪದಿಯ 1, 2, 4 ಮತ್ತು 5ನೆಯ ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕರ ಗಣಗಳಂತೆ 14 ಮಾತ್ರೆಗಳಿರಬೇಕು. ‘ಮಳೆಯು ನಿಂತಿತು ಬೀದಿ ಹೊಳೆಯಿತು’ ಎಂಬುದು ಸರಿಯಾಗಿ ಕೂರುತ್ತದೆ. ‘ಮಳೆಯು ನಿಂತಿತು ಬೀದಿಗಳು ಹೊಳೆದವು’ ಎಂದರೆ ‘ಬೀದಿಗಳು’ ಎಂಬಲ್ಲಿ ಐದು ಮಾತ್ರೆಗಳಾಗಿ ಸಾಲು 16ಕ್ಕೆ ಏರುತ್ತದೆ. ‘ನಿಮಗೆ ಛಂದಸ್ಸೇ ಗೊತ್ತಿಲ್ಲ’ ಎನ್ನುವ ಬದಲು ‘ಮೂರನೆಯ ಗಣದಲ್ಲಿ ಎರಡು ಮಾತ್ರೆ ಹೆಚ್ಚಾಗಿವೆ’ ಎಂದರೆ ಅಲ್ಲಿಗೆ ವಾದವೂ ಮುಗಿಯಿತು, ಪಾಠವೂ ಆಯಿತು. ಆದರೆ ಕವಿ ಷಟ್ಪದಿ ಎಂದು ಹೇಳಿಕೊಂಡಿರದಿದ್ದರೆ ಈ ಲೆಕ್ಕವನ್ನು ಅವರ ಮೇಲೆ ಹೇರುವಂತಿಲ್ಲ.

ಪ್ರಾಸ ಬೇಕೇ, ಬೇಡವೇ ಎಂಬುದು ಎರಡನೆಯದು. ಗೋವಿಂದ ಪೈಗಳು 1911ರಲ್ಲಿ ಎರಡನೆಯ ಅಕ್ಷರದ ಪ್ರಾಸವನ್ನು ಕೈಬಿಟ್ಟು ಬರೆಯತೊಡಗಿದಾಗಿನಿಂದ ನಡೆದು ಬಂದಿರುವ ಚರ್ಚೆ ಇದು. ನೂರು ವರ್ಷಗಳಲ್ಲಿ ಮುಗಿಯದ್ದು ನಿಮ್ಮ ಬಳಗದಲ್ಲಿ ಒಂದು ರಾತ್ರಿಯಲ್ಲಿ ಮುಗಿಯುವುದಿಲ್ಲ. ‘ಪ್ರಾಸವಿಲ್ಲದ್ದು ಕವಿತೆಯಲ್ಲ’, ‘ಪ್ರಾಸವಿದ್ದರೆ ಹಳತು’ ಎಂಬ ಎರಡು ವಾಕ್ಯಗಳನ್ನೂ ಬಳಗದಲ್ಲಿ ನಿಷೇಧಿಸಿ. ‘ಈ ಕವಿತೆಯಲ್ಲಿ ಈ ಪ್ರಾಸ ಅರ್ಥವನ್ನು ಎಳೆದು ತಂದಿದೆಯೇ?’ ಎಂಬ ಪ್ರಶ್ನೆಗೆ ಅವಕಾಶ ಕೊಡಿ.

ಮೂರನೆಯದು ನುಡಿ. ಬೆಂಗಳೂರಿನ ಬಳಗದಲ್ಲಿ ಧಾರವಾಡದವರು, ಕುಂದಾಪುರದವರು, ಕಲಬುರಗಿಯವರು, ಚಾಮರಾಜನಗರದವರು, ಮನೆಯಲ್ಲಿ ತೆಲುಗನ್ನೋ ತಮಿಳನ್ನೋ ಉರ್ದುವನ್ನೋ ಮಾತನಾಡುತ್ತ ಕನ್ನಡದಲ್ಲಿ ಬರೆಯುವವರು ಎಲ್ಲರೂ ಇರುತ್ತಾರೆ. ‘ಹೋಗ್ಯಾನ’, ‘ಹೊಯ್ಕ್’ ಎಂಬುವನ್ನು ಅಶುದ್ಧವೆಂದು ತಿದ್ದಲು ಹೊರಡುವವರು ಪ್ರತಿ ಬಳಗದಲ್ಲಿಯೂ ಒಬ್ಬರಾದರೂ ಸಿಗುತ್ತಾರೆ. ಅದು ತಿದ್ದುಪಡಿಯಲ್ಲ, ಒಬ್ಬರ ಮನೆಮಾತನ್ನು ಕೀಳೆಂದು ಹೇಳಿದಂತೆ. ನಿರ್ವಾಹಕರು ತಡಮಾಡದೆ ಮಧ್ಯೆ ಬರಬೇಕಾದ ಸಂದರ್ಭ. ಮಹಾಪ್ರಾಣಗಳ ವಿಷಯವೂ ಹೀಗೆಯೇ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಬರಹದಲ್ಲಿ ಮಹಾಪ್ರಾಣಗಳನ್ನು ಬಿಡಬಹುದೆಂದು ವಾದಿಸಿದ ಮೇಲೆ ಹಾಗೆಯೇ ಬರೆಯುವವರಿದ್ದಾರೆ. ಅದು ಆಯ್ಕೆಯೋ ಕೈತಪ್ಪೋ ಎಂದು ಕೇಳಿ ತಿಳಿದುಕೊಳ್ಳಿ. ಕೈತಪ್ಪಾಗಿದ್ದರೆ ಖಾಸಗಿ ಸಂದೇಶದಲ್ಲಿ ಹೇಳಿ. ನೂರು ಜನರ ಮುಂದೆ ಕಾಗುಣಿತ ತಿದ್ದಿಸಿಕೊಳ್ಳುವುದು ಐವತ್ತು ವರ್ಷದವರಿಗೂ ಶಾಲೆಯ ಬೆಂಚಿನ ಮೇಲೆ ನಿಂತಂತಾಗುತ್ತದೆ.

ಇನ್ನು ಜಾತಿ, ಧರ್ಮ, ರಾಜಕೀಯ. ಇಲ್ಲಿ ಬಹಳ ಬಳಗಗಳು ದಾರಿ ತಪ್ಪುತ್ತವೆ, ಅದಕ್ಕಾಗಿ ಸ್ವಲ್ಪ ನಿಲ್ಲುತ್ತೇನೆ. ಶಾಂತಿ ಕಾಪಾಡುವ ಹೆಸರಿನಲ್ಲಿ ‘ವಿವಾದಾತ್ಮಕ ಕವಿತೆ ಹಾಕಬೇಡಿ’ ಎಂದು ಬರೆದುಬಿಡುತ್ತಾರೆ. ಹಾಗೆ ಮಾಡಿದರೆ ಬಳಗದಿಂದ ಮೊದಲು ಹೊರಗುಳಿಯುವವರು ಅನ್ಯಾಯವನ್ನು ಉಂಡು ಬರೆಯುವವರು. 1970ರ ದಶಕದಿಂದ ಕನ್ನಡ ಕಾವ್ಯಕ್ಕೆ ಹೊಸ ಉಸಿರು ಕೊಟ್ಟ ದಲಿತ ಮತ್ತು ಬಂಡಾಯ ಕವಿಗಳ ಸಾಲುಗಳಲ್ಲಿ ಸಿಟ್ಟೇ ಜೀವವಾಗಿತ್ತು. ಇಂದಿನ ಅನೇಕ ಗುಂಪುಗಳ ನಿಯಮದಂತೆ ನೋಡಿದರೆ ಅವುಗಳಿಗೆ ಪ್ರವೇಶವೇ ಸಿಗುತ್ತಿರಲಿಲ್ಲ. ಆದ್ದರಿಂದ ನಿಯಮ ಹೀಗಿರಲಿ: ಸೌಜನ್ಯದ ಕಟ್ಟುಪಾಡು ಸದಸ್ಯರು ಪರಸ್ಪರ ಆಡುವ ಮಾತಿಗೆ ಅನ್ವಯಿಸುತ್ತದೆ, ಕವಿತೆಯೊಳಗಿನ ಧ್ವನಿಗೆ ಅನ್ವಯಿಸುವುದಿಲ್ಲ. ಕವಿತೆ ಸಿಟ್ಟಾಗಬಹುದು, ದೇವರನ್ನು ಪ್ರಶ್ನಿಸಬಹುದು, ಸರ್ಕಾರವನ್ನು ಬೈಯಬಹುದು. ಕವಿತೆಯ ನೆಪದಲ್ಲಿ ಒಂದು ಸಮುದಾಯವನ್ನು ಹೀನವಾಗಿ ಚಿತ್ರಿಸಿದರೆ, ಅಥವಾ ಬಳಗದ ಸದಸ್ಯರೊಬ್ಬರನ್ನೇ ಗುರಿಯಾಗಿಸಿ ಬರೆದರೆ, ಅದನ್ನು ನಿರ್ವಾಹಕರು ಮೂವರೂ ಓದಿ ತೀರ್ಮಾನಿಸಬೇಕು. ಗೆರೆ ಎಲ್ಲಿದೆ ಎಂಬ ಬಗ್ಗೆ ನಿಮ್ಮಲ್ಲೇ ಒಮ್ಮತವಿಲ್ಲದಿದ್ದರೆ ಅದನ್ನು ಸದಸ್ಯರಿಗೆ ಮುಚ್ಚಿಡಬೇಡಿ.

ಹಂತ 5: ಟೀಕೆಗೆ ಒಳಗಾದ ಕವಿ ಅನುಸರಿಸಬೇಕಾದದ್ದು

ಟೀಕೆ ಓದಿದ ಕೂಡಲೇ ಉತ್ತರಿಸಬೇಡಿ. ಒಂದು ರಾತ್ರಿ ಕಳೆಯಲಿ. ನೋವಿನಲ್ಲಿ ಬರೆದ ಉತ್ತರವನ್ನು ವಾಟ್ಸಾಪಿನಲ್ಲಿ 15 ನಿಮಿಷಗಳೊಳಗೆ ಮಾತ್ರ ತಿದ್ದಬಹುದು. ನೋವು ಅಷ್ಟು ಬೇಗ ಇಳಿಯುವುದಿಲ್ಲ.

ಮರುದಿನ ಉತ್ತರಿಸುವಾಗ ಕವಿತೆಯ ಅರ್ಥವನ್ನು ವಿವರಿಸಲು ಹೋಗಬೇಡಿ. ‘ನಾನು ಹೇಳಲು ಹೊರಟದ್ದು ಇದು’ ಎಂದು ಮೂರು ಪ್ಯಾರಾ ಬರೆಯುವ ಅಗತ್ಯ ಬಿದ್ದಿತೆಂದರೆ ಆ ಮೂರು ಪ್ಯಾರಾ ಕವಿತೆಯಲ್ಲಿ ಬಂದಿಲ್ಲ ಎಂದರ್ಥ. ‘ಓದಿದ್ದಕ್ಕೆ ಧನ್ಯವಾದ, ಕೊನೆಯ ಸಾಲಿನ ಬಗ್ಗೆ ಯೋಚಿಸುತ್ತೇನೆ’ ಎಂದರೆ ಸಾಕು. ಒಪ್ಪಿಗೆಯಿಲ್ಲದಿದ್ದರೆ ‘ಯೋಚಿಸಿದೆ, ಈ ಸಾಲನ್ನು ಹೀಗೆಯೇ ಉಳಿಸುತ್ತೇನೆ’ ಎಂದು ಹೇಳುವ ಹಕ್ಕು ಕವಿಗೆ ಸಂಪೂರ್ಣವಾಗಿ ಇದೆ. ಅದಾದ ಮೇಲೆ ಟೀಕಿಸಿದವರು ಮತ್ತೆ ಅದೇ ಮಾತೆತ್ತಬಾರದು. ಸ್ನೇಹಿತರನ್ನು ಸಹಾಯಕ್ಕೆ ಕರೆದು ‘ನೋಡಿ, ನನಗೆ ಹೀಗೆ ಹೇಳಿದರು’ ಎಂದು ಸಾಕ್ಷಿ ಕೂಡಿಸುವುದು ಅತ್ಯಂತ ಸಾಮಾನ್ಯವಾದ ತಪ್ಪು. ಎರಡು ಪಕ್ಷಗಳು ಹುಟ್ಟುವುದು ಹಾಗೆಯೇ.

ಹಂತ 6: ಮಾತು ಬಿಸಿಯಾದಾಗ ನಿರ್ವಾಹಕರ ಕೆಲಸ

ಎಲ್ಲಕ್ಕಿಂತ ಮೊದಲು ಇಬ್ಬರೊಡನೆಯೂ ಖಾಸಗಿಯಾಗಿ ಮಾತನಾಡಿ. ಗುಂಪಿನ ಸಂದೇಶದ ಮೇಲೆ ಒತ್ತಿ ಹಿಡಿದರೆ ಖಾಸಗಿಯಾಗಿ ಉತ್ತರಿಸುವ ಆಯ್ಕೆ ಸಿಗುತ್ತದೆ, ಆದರೆ ಫೋನ್ ಮಾಡುವುದು ಅದಕ್ಕಿಂತ ಒಳ್ಳೆಯದು. ಬರಹದಲ್ಲಿ ಕಠೋರವಾಗಿ ಕಾಣುವವರು ದನಿಯಲ್ಲಿ ಬಹಳ ಸಲ ಸಂಕೋಚದವರಾಗಿರುತ್ತಾರೆ.

ಮಾತು ನಿಲ್ಲದಿದ್ದರೆ ಗುಂಪಿನಲ್ಲಿ ಒಂದೇ ವಾಕ್ಯ ಹಾಕಿ: ‘ಈ ಕವಿತೆಯ ಚರ್ಚೆಯನ್ನು ನಾಳೆ ಸಂಜೆ ಏಳು ಗಂಟೆಗೆ ಮುಂದುವರಿಸೋಣ.’ ಯಾರ ಹೆಸರೂ ಅದರಲ್ಲಿ ಇರಬಾರದು. ಅದಕ್ಕೂ ಬಗ್ಗದಿದ್ದರೆ ನಿರ್ವಾಹಕರು ಮಾತ್ರ ಸಂದೇಶ ಕಳುಹಿಸಬಹುದಾದ ವ್ಯವಸ್ಥೆಗೆ ಗುಂಪನ್ನು ಬದಲಾಯಿಸಿ, ಎಷ್ಟು ಹೊತ್ತಿನವರೆಗೆ ಎಂಬುದನ್ನು ಮೊದಲೇ ಹೇಳಿ. ಅವಧಿ ಹೇಳದೆ ಬಾಯಿ ಮುಚ್ಚಿಸಿದರೆ ಜಗಳ ಬೇರೊಂದು ಗುಂಪಿಗೆ ಹೋಗಿ, ಅಲ್ಲಿ ನಿಮ್ಮ ಕೈಗೆ ಸಿಗದಂತೆ ಬೆಳೆಯುತ್ತದೆ. ನಾಳೆ ಏಳು ಗಂಟೆ ಎಂದು ಹೇಳಿದ್ದರೆ ಏಳು ಗಂಟೆಗೆ ತಪ್ಪದೆ ತೆರೆಯಿರಿ.

ಸಂದೇಶ ಅಳಿಸುವ ಅಧಿಕಾರ ನಿರ್ವಾಹಕರಿಗಿದೆ, ಅದನ್ನು ತೀರ ಅಪರೂಪಕ್ಕೆ ಬಳಸಿ. ಬೈಗುಳ, ಯಾರದೋ ವಿಳಾಸ, ಫೋಟೊ, ಖಾಸಗಿ ಸಂಭಾಷಣೆಯ ಸ್ಕ್ರೀನ್‌ಶಾಟ್, ಇವನ್ನು ಅಳಿಸಲೇಬೇಕು. ಅಳಿಸುವ ಮುನ್ನ ನಿರ್ವಾಹಕರ ಗುಂಪಿನಲ್ಲಿ ಅದರ ಪ್ರತಿ ಇರಲಿ, ಅಳಿಸಿದ ಮೇಲೆ ಏಕೆಂದು ಹೇಳಿ.

ಎಚ್ಚರಿಕೆಯ ಕ್ರಮ ಸರಳವಾಗಿರಲಿ: ಮೊದಲ ಸಲ ಖಾಸಗಿ ಮಾತು, ಎರಡನೆಯ ಸಲ ಲಿಖಿತ ಎಚ್ಚರಿಕೆ, ಮೂರನೆಯ ಸಲ ಒಂದು ತಿಂಗಳು ಹೊರಗೆ. ಹಿರಿಯ ಕವಿಗಳಿಗೆ, ಪ್ರಶಸ್ತಿ ಪಡೆದವರಿಗೆ, ನಿರ್ವಾಹಕರ ಗೆಳೆಯರಿಗೆ ಇದರಲ್ಲಿ ವಿನಾಯಿತಿ ಕೊಟ್ಟ ದಿನವೇ ಬಳಗದ ಮೇಲಿನ ನಂಬಿಕೆ ಹೋಗುತ್ತದೆ. ನಾನೇ ಒಮ್ಮೆ ಹಿರಿಯರೊಬ್ಬರ ಕಟುಮಾತನ್ನು ವಯಸ್ಸಿನ ಗೌರವಕ್ಕಾಗಿ ಬಿಟ್ಟುಬಿಟ್ಟೆ. ಆ ವಾರ ಬಳಗ ಬಿಟ್ಟ ಯುವತಿ ಆಮೇಲೆ ನಮಗೆ ಒಂದು ಕವಿತೆಯನ್ನೂ ಕಳುಹಿಸಲಿಲ್ಲ. ಈಗಲೂ ಅದು ನನ್ನನ್ನು ಕಾಡುತ್ತದೆ.

ಹಂತ 7: ಕೃತಿಚೌರ್ಯದ ಆರೋಪ ಬಂದರೆ

ಕೃತಿಚೌರ್ಯ ಎಂದರೆ ಬೇರೆಯವರ ಬರಹವನ್ನು ತನ್ನದೆಂದು ತೋರಿಸುವುದು. ಈ ಆರೋಪವನ್ನು ಗುಂಪಿನಲ್ಲಿ ಮಾಡಲು ಯಾರಿಗೂ ಅವಕಾಶ ಕೊಡಬೇಡಿ. ನಿರ್ವಾಹಕರಿಗೆ ಎರಡೂ ಪಠ್ಯಗಳನ್ನು, ದಿನಾಂಕಗಳೊಡನೆ, ಕಳುಹಿಸಬೇಕೆಂದು ಹೇಳಿ. ಒಂದೇ ಹೋಲಿಕೆ ಇಬ್ಬರಿಗೆ ಹೊಳೆಯಬಹುದು, ಮಳೆಯನ್ನು ಕಣ್ಣೀರೆಂದವರು ಸಾವಿರಾರು ಜನ. ಸಾಲು ಸಾಲೇ, ಅದೇ ಕ್ರಮದಲ್ಲಿ ಬಂದಿದ್ದರೆ ಮಾತ್ರ ವಿಚಾರಿಸಿ, ಮೊದಲು ಖಾಸಗಿಯಾಗಿ.

ಹೆಸರಿಲ್ಲದೆ ಕವಿತೆ ಹಂಚುವ ಅಭ್ಯಾಸದಿಂದಲೂ ಇಂಥ ಗೊಂದಲಗಳಾಗುತ್ತವೆ. ಭಾರತದ ಕಾನೂನಿನಲ್ಲಿ ಕವಿತೆಯ ಹಕ್ಕುಸ್ವಾಮ್ಯ ಬರೆದ ಕ್ಷಣದಿಂದಲೇ ಕವಿಯದು, ನೋಂದಣಿ ಬೇಕಿಲ್ಲ, ಕವಿ ತೀರಿಕೊಂಡ ನಂತರವೂ 60 ವರ್ಷ ಅದು ಉಳಿಯುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೂ ಹಕ್ಕುದಾರರಿದ್ದಾರೆ. ಹಾಗಿರುವಾಗ ನಿಮ್ಮ ಬಳಗದ ಸದಸ್ಯರ ಕರಡು ಕವಿತೆಯನ್ನು ಅವರ ಅನುಮತಿಯಿಲ್ಲದೆ ಬೇರೆ ಗುಂಪಿಗೆ ಕಳುಹಿಸುವುದು ಎಷ್ಟು ತಪ್ಪೆಂದು ಹೊಸಬರಿಗೆ ಮೊದಲ ದಿನವೇ ತಿಳಿಸಿ.

ಹಂತ 8: ಕಿರುಕುಳವನ್ನು ಭಿನ್ನಾಭಿಪ್ರಾಯವೆಂದು ಕರೆಯಬೇಡಿ

ವಾಟ್ಸಾಪ್ ಗುಂಪಿನಲ್ಲಿ ಸದಸ್ಯರ ದೂರವಾಣಿ ಸಂಖ್ಯೆ ಸಾಮಾನ್ಯವಾಗಿ ಉಳಿದವರಿಗೆ ಕಾಣುತ್ತದೆ. ಪ್ರೇಮಕವಿತೆ ಬರೆದ ಮಹಿಳೆಗೆ ರಾತ್ರಿ ಹನ್ನೊಂದಕ್ಕೆ ‘ಈ ಕವಿತೆ ಯಾರಿಗಾಗಿ?’ ಎಂಬ ಸಂದೇಶ ಬರುವುದು ಇದರಿಂದಲೇ. ಇದರಲ್ಲಿ ಎರಡು ಕಡೆಯ ಮಾತು ಕೇಳಿ ರಾಜಿ ಮಾಡಿಸುವ ಪ್ರಶ್ನೆಯಿಲ್ಲ. ದೂರು ಬಂದ ದಿನವೇ ಸಂದೇಶ ನೋಡಿ, ನಿಜವಿದ್ದರೆ ಮೂರು ಎಚ್ಚರಿಕೆಗಳ ಕ್ರಮಕ್ಕೆ ಕಾಯದೆ ಹೊರಗೆ ಕಳುಹಿಸಿ.

ಬೇಡವೆಂದರೂ ಮಹಿಳೆಯನ್ನು ಮತ್ತೆ ಮತ್ತೆ ಸಂಪರ್ಕಿಸುವುದು, ಆಕೆಯ ಆನ್‌ಲೈನ್ ಚಟುವಟಿಕೆಯ ಬೆನ್ನು ಹತ್ತುವುದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಸೆಕ್ಷನ್ ಪ್ರಕಾರ ಅಪರಾಧ. ಮಾನನಷ್ಟಕ್ಕೆ 356ನೆಯ ಸೆಕ್ಷನ್ ಇದೆ. 2024ರ ಜುಲೈ 1ರಿಂದ ಈ ಸಂಹಿತೆ ಜಾರಿಯಲ್ಲಿದೆ. ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದಾಖಲಿಸಬಹುದು, ಬೆಂಗಳೂರಿನಲ್ಲಿ ಇಂಥ ಪ್ರಕರಣಗಳನ್ನು ನೋಡುವ ಸಿ.ಇ.ಎನ್. (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗಳಿವೆ, ತಕ್ಷಣದ ಅಪಾಯವಿದ್ದರೆ 112. ಸ್ಕ್ರೀನ್‌ಶಾಟ್‌ಗಳನ್ನು ಸಂಖ್ಯೆ, ದಿನಾಂಕ, ಸಮಯ ಕಾಣುವಂತೆ ತೆಗೆದಿಡಿ, ಮೂಲ ಸಂದೇಶವನ್ನು ಅಳಿಸಬೇಡಿ. ದೂರು ಕೊಡಬೇಕೋ ಬೇಡವೋ ಎಂಬುದು ತೊಂದರೆಗೊಳಗಾದವರ ತೀರ್ಮಾನ. ‘ಬಳಗದ ಮರ್ಯಾದೆ’ ಎಂದು ಅವರನ್ನು ತಡೆಯುವ ಹಕ್ಕು ನಿರ್ವಾಹಕರಿಗಿಲ್ಲ.

ಹಂತ 9: ತಿಂಗಳಿಗೊಮ್ಮೆ ಮುಖ ನೋಡಿ

ಪರದೆಯ ಮೇಲೆ ಆರು ತಿಂಗಳು ಜಗಳವಾಡಿದವರು ಒಂದೇ ಬೆಂಚಿನ ಮೇಲೆ ಕುಳಿತು ಕಾಫಿ ಹಂಚಿಕೊಂಡ ಮೇಲೆ ಮುಂದಿನ ಟೀಕೆಯನ್ನು ಬೇರೆಯೇ ಧಾಟಿಯಲ್ಲಿ ಬರೆದುದನ್ನು ನಾನು ಕಂಡಿದ್ದೇನೆ. ಸಭಾಂಗಣದ ಖರ್ಚು ಬೇಡ. ಕಬ್ಬನ್ ಪಾರ್ಕಿನ ಮರದ ನೆರಳು ಹನ್ನೆರಡು ಜನರಿಗೆ ಸಾಕು. ವೈಟ್‌ಫೀಲ್ಡ್‌ನವರೂ ಕೆಂಗೇರಿಯವರೂ ಮೆಟ್ರೊದ ನೇರಳೆ ಮಾರ್ಗದಲ್ಲಿ ನೇರವಾಗಿ ಬರಬಹುದು, ಹಸಿರು ಮಾರ್ಗದವರು ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದರಾಯಿತು. ಬಸವನಗುಡಿ, ಜಯನಗರದ ಕಡೆಯವರೇ ಹೆಚ್ಚಿದ್ದರೆ ಲಾಲ್‌ಬಾಗ್ ಹತ್ತಿರ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಸೇರಿ ಹತ್ತಕ್ಕೆ ಮುಗಿಸಿ, ಮನೆಯ ಕೆಲಸ ಬಿಟ್ಟು ಬರುವವರಿಗೆ ಅದೇ ಅನುಕೂಲ.

ಸಭೆಯಲ್ಲಿ ಕವಿತೆಯನ್ನು ಕವಿ ಓದಬಾರದು, ಬೇರೆಯವರು ಗಟ್ಟಿಯಾಗಿ ಓದಬೇಕು. ಕವಿ ಸುಮ್ಮನೆ ಕೇಳಬೇಕು. ಎಲ್ಲಿ ಓದುವವರ ನಾಲಿಗೆ ತೊಡರಿತು, ಎಲ್ಲಿ ದನಿ ತಾನಾಗಿ ಇಳಿಯಿತು ಎಂಬುದು ಯಾರೂ ಟೀಕಿಸದೆಯೇ ಕವಿಗೆ ಗೊತ್ತಾಗುತ್ತದೆ. ಆ ವಾರ ಗುಂಪಿನಲ್ಲಿ ಯಾರ ಕವಿತೆಯ ಮೇಲೆ ಮಾತು ಬಿಸಿಯಾಗಿತ್ತೋ ಅದನ್ನು ಟೀಕಿಸಿದವರ ಕೈಗೇ ಕೊಟ್ಟು ಓದಿಸಿ.

ಮುನಿಸಿಕೊಂಡು ಬಳಗ ಬಿಟ್ಟವರನ್ನೂ ಈ ಸಭೆಗೆ ಕರೆಯಿರಿ. ಯಾರಾದರೂ ತಾವಾಗಿ ಗುಂಪಿನಿಂದ ಹೊರಹೋದಾಗ ವಾಟ್ಸಾಪ್ ಆ ಸೂಚನೆಯನ್ನು ನಿರ್ವಾಹಕರಿಗೆ ಮಾತ್ರ ಕಳುಹಿಸುತ್ತದೆ, ಹಾಗಾಗಿ ಅದನ್ನು ಗುಂಪಿನಲ್ಲಿ ಸುದ್ದಿ ಮಾಡಬೇಡಿ. ಒಂದು ವಾರ ಬಿಟ್ಟು ಫೋನ್ ಮಾಡಿ, ಕಾರಣ ಕೇಳಬೇಡಿ, ‘ಭಾನುವಾರ ಎಂಟಕ್ಕೆ ಸೇರುತ್ತಿದ್ದೇವೆ, ಹೊಸತೇನಾದರೂ ಬರೆದಿದ್ದರೆ ತನ್ನಿ’ ಎಂದಷ್ಟೇ ಹೇಳಿ.